ಏಳನೆಯ ತಂತಿ ವಾರ್ತೆ

ನಮ್ಮ ದೇವರ ಕೋಣೆಯ ಗೋಡೆಗೂಡಿಗೆ ಮೂರು ಹಲಗೆಗಳಿವೆ. ಮೇಲಿನದರಲ್ಲಿ ಸಾಲಿಗ್ರಾಮದ ಸಂಪುಟ, ನಡುವಿನದರಲ್ಲಿ ಹಳೆಯ ಪಂಚಾಂಗಗಳು, ಕೆಳಗಿನದರಲ್ಲಿ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಣಗಿದ ಬೇವಿನೆಲೆ, ನಾಲ್ಕು ಕರ್ಪೂರದ ಬಿಲ್ಲೆ, ಮತ್ತು ಈ ದೇಶದ ದೊಡ್ಡವರೊಬ್ಬರು ಗುಂಡೇಟಿಗೆ ಬಿದ್ದ ದಿನ ಹಿಂದೂಪುರಕ್ಕೆ ಬಂದ ತಂತಿ ವಾರ್ತೆಗಳ ಮೂಲ ಹಾಳೆಗಳು. ಅಂಚೆಚೀಟಿ ಕೂಡಿಡುವವರುಂಟು, ಹಳೆಯ ನಾಣ್ಯ ಕೂಡಿಡುವವರುಂಟು. ನಾನು ಕೂಡಿಟ್ಟಿರುವುದು ಒಂದೇ ದಿನ, ಒಂದೇ ಯಂತ್ರದಿಂದ, ಒಂದೇ ವಿಷಯವಾಗಿ ಹೊರಬಂದ ಕಾಗದಗಳನ್ನು. ಈ ಹವ್ಯಾಸದಲ್ಲಿ ನನಗೆ ಪ್ರತಿಸ್ಪರ್ಧಿಗಳು ಯಾರೂ ಇಲ್ಲ.

ಆ ಮಹನೀಯರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ವಯಸ್ಸಿನ ಓದುಗರಿಗೆ ಹೇಳಬೇಕಾಗಿಲ್ಲ. ಚಿಕ್ಕವರು ಯಾವ ಹೆಸರನ್ನು ಊಹಿಸಿಕೊಂಡರೂ ದುಃಖದ ತೂಕ ಒಂದೇ.

ಪೆಟ್ಟಿಗೆ ಆ ಹಲಗೆಯ ಮೇಲೆ ಬಂದು ಕುಳಿತದ್ದು ಸುಲಭವಾಗಿ ಅಲ್ಲ. ನನ್ನ ಹೆಂಡತಿ ಸಾವಿತ್ರಿ ಮೊದಲ ದಿನವೇ ಆಕ್ಷೇಪ ಎತ್ತಿದಳು.

“ಏನೂಂದ್ರೆ, ಸಾವಿನ ಕಾಗದಾನ ದೇವರ ಗೂಡಲ್ಲಿ ಇಟ್ಟಿದೀರಲ್ಲ, ಸೂತಕ ಅಲ್ವೆ?”

“ದೂರದ ಸಾವಿನ ಸುದ್ದಿ ಕೇಳಿದರೆ ಸ್ನಾನಕ್ಕೆ ಮುಗಿಯುತ್ತೆ ಕಣೆ. ಆವತ್ತೇ ಮಾಡಿದೀನಿ.”

“ನೀವು ಮಾಡಿದ್ರಿ. ಕಾಗದ ಮಾಡ್ತೇ?”

ನಾನು ಬಾಲ್ಯದಲ್ಲಿ ಎಂಟು ವರ್ಷ ಪಾಠಶಾಲೆಯಲ್ಲಿ ಕುಳಿತು ಓದಿದವನು. ನಾನು ಓದಿದ ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಟೆಲಿಪ್ರಿಂಟರಿನ ಉಲ್ಲೇಖ ಎಲ್ಲಿಯೂ ಸಿಕ್ಕಿಲ್ಲ. ಆದ್ದರಿಂದ ಕಾಗದಕ್ಕೆ ಪ್ರೋಕ್ಷಣೆ ಸಾಕು ಎಂದು ನಾವಿಬ್ಬರೂ ಕೂಡಿ ತೀರ್ಮಾನಿಸಿದೆವು. ಆ ಶುದ್ಧಿಯಲ್ಲಿ ಮೂರನೆಯ ಹಾಳೆಯ ಮಸಿ ಸ್ವಲ್ಪ ಕದಡಿದೆ. ಅಲ್ಲಿ ವೈದ್ಯರ ಸಂಖ್ಯೆ ನಾಲ್ಕೋ ಆರೋ ಎಂಬುದು ಇನ್ನು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಮಾತಿಗೆ ಅಂಜುವುದು ನಮ್ಮ ಮನೆತನದ ಗುಣ. ನನ್ನ ಅಜ್ಜಿ ಎಂದೂ ‘ಇಲ್ಲ’ ಎಂದವರಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ತುಂಬಿತು’ ಎನ್ನುತ್ತಿದ್ದರು. ನಮ್ಮ ಕಡೆಯ ತೆಲುಗಿನಲ್ಲೂ ‘ನಿಂಡುಕುಂದಿ’ ಎಂದೇ ಹೇಳುವುದು, ಹಾಗೆಂದರೂ ತುಂಬಿತು ಎಂದೇ ಅರ್ಥ. ಬಳೆ ಒಡೆದರೆ ‘ಹೆಚ್ಚಿತು’ ಎನ್ನಬೇಕು. ಹೊರಡುವವನು ‘ಹೋಗುತ್ತೇನೆ’ ಎಂದರೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತು ‘ಬರುತ್ತೇನೆ’ ಎನ್ನಿಸಿ ಆಮೇಲೆ ದಾರಿ ಬಿಡುತ್ತಿದ್ದರು. ನನಗೆ ಐದು ವರ್ಷವಿದ್ದಾಗ ಒಂದು ದಿನ, “ಮಗೂ, ದೇವರ ಮುಂದಿನ ದೀಪ ದೊಡ್ಡದು ಮಾಡಪ್ಪ” ಎಂದರು. ದೀಪ ಆರಿಸು ಎಂದು ಅದರ ಅರ್ಥ. ನಾನು ಬತ್ತಿಯನ್ನು ಮೇಲಕ್ಕೆ ಎಳೆದು ದೀಪವನ್ನು ಸಾಧ್ಯವಾದಷ್ಟು ದೊಡ್ಡದು ಮಾಡಿದೆ. ಗೂಡಿನ ಬಾಗಿಲಿನ ಕೆತ್ತನೆಯಲ್ಲಿದ್ದ ಗಿಳಿಗೆ ಅಂದಿನಿಂದ ಕೊಕ್ಕಿಲ್ಲ. ಇನ್ನೊಮ್ಮೆ ಲೇಪಾಕ್ಷಿಯಿಂದ ಬಂದ ದೂರದ ನೆಂಟರೊಬ್ಬರು ‘ಅಕ್ಕಿ ತುಂಬಿದೆ’ ಎಂಬ ಮಾತನ್ನು ಕೇಳಿಸಿಕೊಂಡು, ಬಹಳ ಸಂತೋಷಪಟ್ಟು, ಛತ್ರದಲ್ಲಿ ಇಳಿದಿದ್ದ ತಮ್ಮ ನಾಲ್ವರು ಸ್ನೇಹಿತರನ್ನೂ ಊಟಕ್ಕೆ ಕರೆತಂದರು. ಆ ದಿನ ನಾವೆಲ್ಲ ಏಕಾದಶಿ ಮಾಡಿದೆವು. ಅಂದು ಪಂಚಮಿ.

ಇಷ್ಟೆಲ್ಲ ಅನುಭವವಾದ ಮೇಲೂ ನಾನು ಕಲಿತದ್ದು, ಅಶುಭವನ್ನು ಶುಭವಾದ ಮಾತಿನಲ್ಲಿ ಹೇಳಬೇಕು ಎಂಬುದನ್ನು. ಅಶುಭವನ್ನು ಕೇಳುವವನಿಗೆ ಅದು ತಿಳಿಯಬೇಕು ಎಂಬುದು ಪಾಠದಲ್ಲಿ ಇರಲಿಲ್ಲ.

ಮೂವತ್ತರ ಹೊತ್ತಿಗೆ ನಾನು ಹಿಂದೂಪುರದ ಒಂದು ಸಂಜೆಪತ್ರಿಕೆಯಲ್ಲಿ ಅನುವಾದಕನಾಗಿದ್ದೆ. ಪತ್ರಿಕೆಗೆ ಎರಡೇ ಪುಟ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು. ಓದುಗ ಅದನ್ನು ಹಿಡಿದ ಬಗೆಯಿಂದಲೇ ಅವನ ಮನೆಮಾತನ್ನು ಹೇಳಬಹುದಾಗಿತ್ತು. ಪತ್ರಿಕೆಯ ಯಜಮಾನರು ಕಡಲೆಕಾಯಿ ಎಣ್ಣೆಯ ಗಿರಣಿಯವರು. ದೆಹಲಿಯಲ್ಲಿ ಆದದ್ದು ಹಿಂದೂಪುರದಲ್ಲಿ ಆಗಿಂದಾಗಲೇ ತಿಳಿಯಬೇಕೆಂಬ ಹಟಕ್ಕೆ ಅವರು ಟೆಲಿಪ್ರಿಂಟರ್ ಹಾಕಿಸಿದ್ದರು. ಅದು ಗಿರಣಿಯ ಹಿಂಡಿ ಮೂಟೆಗಳ ಪಕ್ಕದ ಕೋಣೆಯಲ್ಲಿ ನಿಂತು, ತನ್ನಷ್ಟಕ್ಕೆ ತಾನು ಟಕಟಕ ಎನ್ನುತ್ತ ಲೋಕದ ಕಷ್ಟಗಳನ್ನು ಇಂಗ್ಲಿಷಿನಲ್ಲಿ ಹೊಡೆಯುತ್ತಿತ್ತು. ಸಾಮಾನ್ಯ ಸುದ್ದಿಗೆ ಅದು ಸುಮ್ಮನಿರುತ್ತಿತ್ತು. ದೊಡ್ಡ ಸುದ್ದಿ ಬಂದರೆ ಗಂಟೆ ಬಾರಿಸುತ್ತಿತ್ತು. ಗಂಟೆಯ ಶಬ್ದ ಕೇಳಿದರೆ ಕೈಮುಗಿಯುವ ಅಭ್ಯಾಸ ನನ್ನದು. ಹೀಗಾಗಿ ನಾಲ್ಕು ವರ್ಷಗಳಲ್ಲಿ ಹಲವು ರೈಲು ಅಪಘಾತಗಳಿಗೂ ಒಂದೆರಡು ಮಂತ್ರಿಮಂಡಲಗಳ ಪತನಕ್ಕೂ ನಾನು ಕೈಮುಗಿದಿದ್ದೇನೆ.

ಆ ದಿನ ಬೆಳಿಗ್ಗೆ ಗಂಟೆ ನಿಲ್ಲಲೇ ಇಲ್ಲ. ಒಂದೊಂದೇ ಹಾಳೆ ಹರಿದು ಕೈಗೆ ಬಂತು. ಗುಂಡು ಹಾರಿತು, ಗಾಯವಾಯಿತು, ಆಸ್ಪತ್ರೆಗೆ ಒಯ್ದರು, ವೈದ್ಯರು ಕೂಡಿದರು, ರಕ್ತ ಕೊಡುವವರು ಸಾಲುಗಟ್ಟಿದರು. ಮಧ್ಯಾಹ್ನದ ಒಳಗೆ ಆರು ಹಾಳೆಗಳಾದವು. ಇಷ್ಟನ್ನು ಒಂದು ವಿಶೇಷ ಸಂಚಿಕೆಯಾಗಿ ಅಚ್ಚು ಹಾಕಿ ಕಲ್ಯಾಣದುರ್ಗದ ಬಸ್ಸಿಗೆ ಕಟ್ಟು ಕೊಟ್ಟು ಕಳುಹಿಸಿದೆವು. ಆಮೇಲೆ ಏಳನೆಯ ಹಾಳೆ ಬಂತು. ಅದರಲ್ಲಿ ಒಂದೇ ಸಾಲು. ಸಾಲಿನ ಕೊನೆಯ ಪದ ನಾಲ್ಕು ಅಕ್ಷರದ ಇಂಗ್ಲಿಷ್ ಪದ. ಬಾಣದ ಹಾಗೆ ನೇರವಾದದ್ದು, ಒಂದನೆಯ ತರಗತಿಯ ಮಗುವಿಗೂ ಅರ್ಥವಾಗುವಂಥದು.

ಮುಂದಿನ ಬಸ್ಸು ಹೊರಡಲು ಅರ್ಧ ಗಂಟೆಯಿತ್ತು. ತೆಲುಗು ಬರೆಯುವವರು ಅಂದು ಮದುವೆಗೆ ಹೋಗಿದ್ದರು. ಆದ್ದರಿಂದ ಇದನ್ನೂ ಕನ್ನಡದಲ್ಲಿ ಮಾತ್ರ, ಒಂದೇ ಮಗ್ಗುಲಿಗೆ ಅಚ್ಚು ಹಾಕುವುದೆಂದಾಯಿತು. ಕಾಗದದ ಕೊರತೆಯಿಂದ ನಾನು ಆ ಹಾಳೆಯ ಕೆಳಗಿನ ಖಾಲಿ ಜಾಗದಲ್ಲೇ ಪೆನ್ಸಿಲಿನಿಂದ ಅನುವಾದ ಬರೆದು ಅಚ್ಚಿನ ಮೊಳೆ ಜೋಡಿಸುವ ನರಸಿಂಹಪ್ಪನ ಕೈಗೆ ಕೊಟ್ಟೆ. ಅವನು ನೇಕಾರರ ಮನೆಯವನು. ಹಗಲು ಅಕ್ಷರ ಜೋಡಿಸಿ, ಉಳಿದ ಹೊತ್ತಿನಲ್ಲಿ ಅಣ್ಣನ ಮಗ್ಗದಲ್ಲಿ ಎಳೆ ಜೋಡಿಸುತ್ತಿದ್ದ. ನಾನು ಬರೆದುಕೊಟ್ಟದ್ದು ಹೀಗಿತ್ತು:

‘ಗಾಯಗೊಂಡ ನಾಯಕರಿಗೆ ಚಿರವಿಶ್ರಾಂತಿ. ವೈದ್ಯರ ಪರಿಶ್ರಮ ಸಮಾಪ್ತಿ. ನಿಟ್ಟುಸಿರಿಟ್ಟ ರಾಷ್ಟ್ರ.’

ನರಸಿಂಹಪ್ಪ ಓದಿ, ತಲೆಯೆತ್ತಿ ನನ್ನ ಮುಖ ನೋಡಿದ.

“ಸಾಮಿ, ಚಿರ ಅಂದ್ರೆ?”

“ಚಿರ ಎಂದರೆ ಬಹುಕಾಲ. ಶಾಶ್ವತ.”

“ನಮ್ ಮಗ್ಗದೋರು ಚೀರ ಅಂದ್ಕೊತಾರೆ. ತೆಲುಗಿನಾಗೆ ಚೀರ ಅಂದ್ರೆ ಸೀರೆ ಕದಾ. ಸೀರೆಗೆ ವಿಶ್ರಾಂತಿ ಅಂತ ಮಗ್ಗ ನಿಲ್ಸ್‌ಬುಟ್ರೆ?”

“ನರಸಿಂಹಪ್ಪ, ಇದು ಹಾಸ್ಯದ ಹೊತ್ತಲ್ಲ.”

“ಹಾಸ್ಯ ಮಾಡ್ತಿಲ್ಲ ಸಾಮಿ. ತೀರ್ಕಂಡ್ರು ಅಂತ ಹಾಕಾನ. ಜನಕ್ಕೆ ತಿಳೀಲಿ.”

“ಅಂಥವರಿಗೆ ಅಂಥ ಮಾತೇ? ನಿಮ್ಮ ಓಣಿಯ ಯಾರಿಗೋ ಹೇಳಿದ ಹಾಗೆ?”

ಅವನು ಮರದ ದೊಡ್ಡ ಮೊಳೆಗಳನ್ನು ಜೋಡಿಸಿದ. ನನ್ನ ಮೂರು ವಾಕ್ಯಗಳು ಹಾಳೆಯನ್ನೆಲ್ಲ ತುಂಬಿಕೊಂಡು ಬಹಳ ಗಂಭೀರವಾಗಿ ಕಂಡವು. ಆ ಮೂರು ವಾಕ್ಯಗಳಲ್ಲಿ ಸಾವು ಎಲ್ಲಿದೆ ಎಂದು ಓದುಗರು ಈಗ ಹುಡುಕಿ ನೋಡಬಹುದು. ನಾನು ಬಹಳ ಸಲ ಹುಡುಕಿದ್ದೇನೆ.

ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಿ ನಮ್ಮ ಪತ್ರಿಕೆಯ ಏಜೆಂಟರು ಹನುಮಂತರಾಯಪ್ಪ ಎಂಬ ಹೋಟೆಲಿನವರು. ಕುಂದುರ್ಪಿಯ ಕಡೆಯ ಒಕ್ಕಲು ಮನೆತನದವರು, ಚೆನ್ನಾಗಿ ಕನ್ನಡ ಓದುವವರು. ಅಲ್ಲಿ ನೆರೆದವರಲ್ಲಿ ಬಹಳ ಮಂದಿಗೆ ತೆಲುಗು ಅಕ್ಷರ ಮಾತ್ರ ಬರುತ್ತಿತ್ತು. ಹೀಗಾಗಿ ಕನ್ನಡದ ಹಾಳೆ ಬಂದರೆ ಅವರೇ ಬೆಂಚಿನ ಮೇಲೆ ನಿಂತು ಓದಿ, ತೆಲುಗಿನಲ್ಲಿ ಸಾರಿ, ಹೊರಗಿನ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಮೊದಲ ವಿಶೇಷ ಸಂಚಿಕೆ ಓದಿದ ಕೂಡಲೇ ಅವರು, ನಾಯಕರು ಉಳಿದರೆ ಊರ ಆಂಜನೇಯನಿಗೆ ಸಿಹಿಬೂಂದಿಯ ನೈವೇದ್ಯ ಮಾಡಿಸಿ ನಿಲ್ದಾಣದಲ್ಲಿದ್ದವರಿಗೆಲ್ಲ ಹಂಚುವುದಾಗಿ ಎಲ್ಲರ ಎದುರಿಗೆ ಹರಕೆ ಹೊತ್ತರಂತೆ. ಎರಡನೆಯ ಸಂಚಿಕೆ ಬಂತು. ಅವರಿಗೆ ಅರ್ಥವಾದದ್ದು ಇಷ್ಟು: ಗಾಯಗೊಂಡವರಿಗೆ ದೀರ್ಘ ವಿಶ್ರಾಂತಿ ಹೇಳಿದ್ದಾರೆ, ವೈದ್ಯರ ಕೆಲಸ ಮುಗಿದಿದೆ, ದೇಶ ನೆಮ್ಮದಿಯ ಉಸಿರು ಬಿಟ್ಟಿದೆ. ಹನುಮಂತರಾಯಪ್ಪ ಬೆಂಚಿನ ಮೇಲೆ ನಿಂತು “ಗಂಡಂ ಗಡಿಚಿಂದಿ!” ಎಂದು ಕೂಗಿದರು. ಅಪಾಯ ಕಳೆಯಿತು ಎಂದು ಅರ್ಥ. ಜನ ಚಪ್ಪಾಳೆ ತಟ್ಟಿದರು. ಬಾಣಲೆ ಒಲೆಯ ಮೇಲೆ ಏರಿತು. ಬಂದ ಬಸ್ಸಿನವರು, ಹೋಗುವ ಬಸ್ಸಿನವರು, ಕುರಿ ತಂದವರು, ಎಲ್ಲರೂ ಕೈಯೊಡ್ಡಿ ಬೂಂದಿ ತಿಂದರು.

ಎರಡು ಗಂಟೆ ಕಳೆದ ಮೇಲೆ ರೇಡಿಯೋ ನಿಜ ಹೇಳಿತು.

ಬಾಯಲ್ಲಿ ಇನ್ನೂ ಸಿಹಿ ಇದ್ದ ಜನ ಅದೇ ಹೋಟೆಲಿಗೆ ನುಗ್ಗಿದರು. ಬಾಣಲೆ ಮಗುಚಿತು, ಕರಿಹಲಗೆ ಮುರಿಯಿತು. ಅಂದಿನಿಂದ ಅವರ ಹೆಸರು ‘ಬೂಂದಿ ಹನುಮಂತರಾಯ’ ಎಂದಾಯಿತು. ದೇಶ ಅತ್ತ ದಿನ ಸಿಹಿ ಹಂಚಿದವನು ಎಂದು.

ಈ ಸಂಗತಿ ಒಂದು ವಾರದೊಳಗೆ ಹಿಂದೂಪುರಕ್ಕೆ ನಗೆಮಾತಾಗಿ ಬಂದು ಮುಟ್ಟಿತು. ನಾನೂ ನಕ್ಕೆ. ಪತ್ರಿಕೆ ನಿಂತುಹೋದ ಮೇಲೆ ನಾನು ಶಾಲೆಯಲ್ಲಿ ಕನ್ನಡ ಪಂಡಿತನಾದೆ. ಇಪ್ಪತ್ತೆಂಟು ವರ್ಷ, ಸಮಾಸ ಪಾಠ ಬಂದಾಗಲೆಲ್ಲ, ‘ಚಿರ’ ಎಂಬ ಪದದ ಅರ್ಥ ತಿಳಿಯದೆ ಬೂಂದಿ ಕರಿದ ಕಲ್ಯಾಣದುರ್ಗದ ಹೋಟೆಲಿನವನ ಕತೆ ಹೇಳಿದೆ. ಮಕ್ಕಳು ಬಹಳ ನಗುತ್ತಿದ್ದರು. ಸಮಾಸದ ಪಾಠದಲ್ಲಿ ಮಕ್ಕಳು ನಗುವುದು ಅಪರೂಪ. ಆದ್ದರಿಂದ ನಾನು ಆ ಕತೆಯನ್ನು ಜೋಪಾನ ಮಾಡಿದೆ.

ಹಾಳೆಗಳನ್ನು ಕೂಡಿಸತೊಡಗಿದ್ದು ನಿವೃತ್ತಿಯ ಮೇಲೆ. ಪತ್ರಿಕೆ ಮುಚ್ಚಿದಾಗ ಅವು ಚೆಲ್ಲಾಪಿಲ್ಲಿಯಾಗಿದ್ದವು. ಮಹಾಪುರುಷರೊಬ್ಬರ ಕೊನೆಯ ದಿನದ ಸಾಕ್ಷಿಯಾದ ಕಾಗದಗಳು ಹಾಳಾಗಬಾರದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅದು ಸುಳ್ಳಲ್ಲ. ಮೂರು ಹಾಳೆಗಳು ಯಜಮಾನರ ಮನೆಯ ಟ್ರಂಕಿನ ತಳದಲ್ಲಿ ಹಾಸಿಕೊಂಡು ಮಲಗಿದ್ದವು. ಒಂದರ ಮೇಲೆ ಉಪ್ಪಿನಕಾಯಿ ಜಾಡಿ ಕುಳಿತ ಗುಂಡನೆಯ ಗುರುತಿದೆ. ಇನ್ನೊಂದರ ಹಿಂಬದಿಯಲ್ಲಿ ಗಿರಣಿಯ ಗುಮಾಸ್ತರ ಮಗಳ ಜಾತಕವಿತ್ತು. ಅದನ್ನು ಪಡೆಯಲು ನಾನು ಆ ಜಾತಕವನ್ನು ಬೇರೆ ಕಾಗದಕ್ಕೆ ನಕಲು ಮಾಡಿಕೊಟ್ಟೆ. ನಕಲಿನಲ್ಲಿ ಕುಜದೋಷ ಬಿಟ್ಟುಹೋಯಿತೆಂದು ಗುಮಾಸ್ತರು ಇಂದಿಗೂ ನನ್ನನ್ನು ಕಂಡರೆ ಬಹಳ ವಿಶ್ವಾಸ ತೋರಿಸುತ್ತಾರೆ. ಹೀಗೆ ಆ ದಿನ ಒಟ್ಟು ಬಂದ ಹನ್ನೊಂದರಲ್ಲಿ ಹತ್ತು ಸಿಕ್ಕವು. ಏಳನೆಯದು ಮಾತ್ರ ಸಿಗಲಿಲ್ಲ. ಸಿಗಲಿಲ್ಲವೆಂದು ನಾನು ಮರುಗುತ್ತಿದ್ದೆ, ಆದರೆ ಹುಡುಕುವ ಜಾಗದಲ್ಲಿ ಹುಡುಕಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ, ಲೇಪಾಕ್ಷಿಯ ಬಸ್ಸಿನಿಂದ ಇಳಿದು ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಳು. ಅರವತ್ತರ ಆಸುಪಾಸು. ಜಗಲಿಯ ತುದಿಯಲ್ಲಿ ಕುಳಿತು, ಸಾವಿತ್ರಿ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಹೇಳಿದಳು.

“ನಾನು ಲಕ್ಷ್ಮಕ್ಕ ಅಂತ ಸಾಮಿ, ಲೇಪಾಕ್ಷಿಗೆ ಕೊಟ್ಟವ್ರೆ. ಬೂಂದಿ ಹನುಮಂತರಾಯಪ್ಪನ ಮಗಳು.”

ತಂದೆಯ ಹೆಸರನ್ನು ಆ ವಿಶೇಷಣದೊಡನೆ ಮಗಳೇ ಹೇಳಿದ್ದು ನನಗೆ ಹಿಡಿಸಲಿಲ್ಲ. “ಅದೇಕಮ್ಮ ಹಾಗನ್ನುತ್ತೀಯ?” ಎಂದೆ.

“ಇನ್ನೆಂಗಂದ್ರೆ ಗುರ್ತು ಹತ್ತುತ್ತೆ ಸಾಮಿ? ನನ್ ಮಗಳು ನಿಮ್ ಕ್ಲಾಸ್ನಾಗೆ ಓದಿದ್ಲು. ಒಂದಿನ ಮನೆಗೆ ಬಂದು, ‘ಅಮ್ಮಾ, ಪಂತುಲು ಮೇಷ್ಟ್ರು ಒಂದು ಕತೆ ಹೇಳಿದ್ರು, ನಕ್ಕು ನಕ್ಕು ಸಾಕಾಯ್ತು’ ಅಂತ ನಂಗೆಲ್ಲ ಹೇಳಿದ್ಲು. ಅದು ಅವಳ ತಾತಾನೇ ಅಂತ ಅವಳಿಗೆ ಗೊತ್ತಿರ್ಲಿಲ್ಲ. ನಾನೂ ಹೇಳ್ಲಿಲ್ಲ.”

ಸಾವಿತ್ರಿ ನನ್ನ ಕಡೆ ನೋಡಿದಳು. ನಾನು ಮಜ್ಜಿಗೆಯ ಲೋಟದ ಕಡೆ ನೋಡಿದೆ.

ಲಕ್ಷ್ಮಕ್ಕ ಬಂದ ಕೆಲಸ ಬೇರೆ. ಕಲ್ಯಾಣದುರ್ಗದಲ್ಲಿ ಹಿರಿಯರದೊಂದು ಸಂಘವಿದೆ. ಆ ನಾಯಕರ ಪುಣ್ಯತಿಥಿಯ ದಿನ ಸಂಘದ ಅತ್ಯಂತ ಹಿರಿಯ ಸದಸ್ಯರಿಂದ ಭಾವಚಿತ್ರಕ್ಕೆ ಹಾರ ಹಾಕಿಸುವುದು ಪದ್ಧತಿ. ಹಿಂದಿನ ಹಿರಿಯರು ಬೇಸಿಗೆಯಲ್ಲಿ ತೀರಿಕೊಂಡದ್ದರಿಂದ ಈಗ ಸರದಿ ಎಂಬತ್ತೊಂಬತ್ತರ ಹನುಮಂತರಾಯಪ್ಪನವರದು. ಸಂಘದ ಅಧ್ಯಕ್ಷರು ರಾಮಾಂಜಿನಪ್ಪ ಎಂಬ ನಿವೃತ್ತ ಅಧಿಕಾರಿ. ಅವರು ಆಗುವುದಿಲ್ಲ ಎಂದಿದ್ದರು.

“ಆವತ್ತಿನ ಕಾಗದದಾಗೆ ಸತ್ರು ಅಂತ್ಲೇ ಇತ್ತು, ಇವನು ಬೇಕಂತ್ಲೇ ಸಿಹಿ ಹಂಚಿದ ಅಂತಾರೆ ಸಾಮಿ. ಆ ಕಾಗದ ಈಗ ಯಾರತ್ರಾನೂ ಇಲ್ಲ. ಆ ಜನ ಆವತ್ತೇ ಸುಟ್ಟಾಕ್‌ಬುಟ್ರು. ನಮ್ಮಪ್ಪ ಆವತ್ತಿಂದ ಒಂದೊರ್ಷಾನೂ ಆ ಪಟದ ಮುಂದೆ ಹೋಗಿಲ್ಲ. ಈಗ ‘ಒಂದು ಹಾರ ಹಾಕ್‌ಬುಟ್ಟು ಹೋಯ್ತೀನಿ ಕಣಮ್ಮ, ಅಷ್ಟೇ’ ಅಂತ ಕುಂತವ್ರೆ. ಊಟ ಅರ್ಧಕ್ಕೆ ಬಂದೈತೆ. ಅದರ ಅಸಲು ನಿಮ್ಮತ್ರ ಐತಂತಲ್ಲ ಸಾಮಿ, ನೀವು ಕೈಯಾರೆ ಬರೆದಿದ್ದು?”

ಇಂಥವರು ಒಬ್ಬರು ಬಂದು ಕೇಳಬೇಕೆಂದೇ ನಾನು ಸಂಗ್ರಹ ಮಾಡಿದ್ದು ಎಂದುಕೊಂಡು ಪೆಟ್ಟಿಗೆ ತೆರೆದೆ. ಆರನೆಯ ಹಾಳೆಯ ಮೇಲೆ ಎಂಟನೆಯದು ಇತ್ತು. ಅವಳು ಕೇಳಿದ ಏಳನೆಯದನ್ನು ನಾನು ಕಡೆಯದಾಗಿ ಕೊಟ್ಟದ್ದು ನರಸಿಂಹಪ್ಪನ ಕೈಗೆ.

ಅದೇ ಮಧ್ಯಾಹ್ನ ನರಸಿಂಹಪ್ಪನ ಮನೆಗೆ ಹೋದೆ. ಒಂದೇ ಊರಿನಲ್ಲಿದ್ದೂ ಅವನ ಮನೆಗೆ ನಾನು ಹೋದದ್ದು ಅದೇ ಮೊದಲು. ಅವನಿಗೂ ಎಪ್ಪತ್ತಾಗಿದೆ. ಮಗ್ಗದ ಗುಂಡಿಯಿಂದ ಕಾಲು ಮೇಲಕ್ಕೆತ್ತಿ, “ಬನ್ನಿ ಸಾಮಿ, ದಾರಿ ತಪ್ಪಿ ಬಂದ್‌ಬುಟ್ರಾ?” ಎಂದ. ವಿಷಯ ಕೇಳಿ ಒಳಗೆ ಹೋಗಿ, ಮಡಿಸಿಟ್ಟ ಒಂದು ಹಳೆಯ ರೇಷ್ಮೆ ಸೀರೆ ತಂದ. ಅದರ ಮಡಿಕೆಗಳ ನಡುವೆ, ಜರಿ ಉಜ್ಜದಿರಲೆಂದು ಇಡುವ ಕಾಗದದ ಜಾಗದಲ್ಲಿ, ಏಳನೆಯ ಹಾಳೆ ಇತ್ತು.

“ಇಷ್ಟು ವರ್ಷ ಹುಡುಕಿದೆನಲ್ಲಯ್ಯ. ಒಂದು ಮಾತು ಹೇಳಬಾರದಿತ್ತೇ?”

“ನೀವು ಕೇಳ್ಲಿಲ್ವಲ್ಲ ಸಾಮಿ. ಊರವ್ರನ್ನೆಲ್ಲ ಕೇಳಿದ್ರಂತೆ, ನನ್ನನ್ನ ಬಿಟ್ಟು.”

“ಇದನ್ನೇ ಯಾಕೆ ಇಟ್ಟುಕೊಂಡೆ?”

“ನೀವು ಹೊಡೆದಾಕಿದ್ದ ಮಾತು ಅದರಾಗೇ ಐತಲ್ಲ, ಅದಕ್ಕೆ. ಯಾಕೆ, ಮರ್ತ್‌ಬುಟ್ರಾ?”

ಮರೆತಿದ್ದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಮೇಲೆ ಯಂತ್ರ ಹೊಡೆದ ಒಂದು ಸಾಲು. ಕೆಳಗೆ ನನ್ನ ಅಕ್ಷರದಲ್ಲಿ, ಮೊಟ್ಟಮೊದಲು, ‘ನಾಯಕರು ತೀರಿಕೊಂಡರು’ ಎಂದಿತ್ತು. ಅದರ ಮೇಲೆ ಎರಡು ಗೆರೆ ಎಳೆದಿತ್ತು. ಗೆರೆಯ ಕೆಳಗೆ ಚಿರವಿಶ್ರಾಂತಿ.

ತಂತಿಯ ಮಾತೇ ಸ್ವಲ್ಪ ಗೂಢವಾಗಿತ್ತು, ನಾನು ಅದನ್ನು ಮರ್ಯಾದೆಯಾಗಿ ಕನ್ನಡಕ್ಕೆ ತಂದೆ ಎಂದು ನಾನು ಕಾಲಕ್ರಮದಲ್ಲಿ ನಂಬಿಕೊಂಡಿದ್ದೆ. ಸರಿಯಾದ ಮಾತು ನನ್ನ ಕೈಯಿಂದಲೇ ಮೊದಲು ಬಂದಿತ್ತು, ಅದು ಸಾಕಷ್ಟು ದೊಡ್ಡದಲ್ಲವೆಂದು ನಾನೇ ಹೊಡೆದುಹಾಕಿದ್ದೆ. ನರಸಿಂಹಪ್ಪ ಅಂದು ತೀರ್ಕಂಡ್ರು ಎಂದದ್ದು ತನ್ನ ಬುದ್ಧಿಯಿಂದಲ್ಲ, ನನ್ನ ಗೆರೆಯ ಅಡಿಯಿಂದ ಓದಿ.

“ತಗೊಂಡೋಗಿ ಸಾಮಿ,” ಎಂದ ಅವನು. “ಸೀರೆಗೆ ಬೇರೆ ಕಾಗದ ಇಡ್ತೀನಿ.”

ಪುಣ್ಯತಿಥಿಯ ದಿನ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಹಾಳೆಯನ್ನು ಒಂದು ಪಂಚಾಂಗದೊಳಗಿಟ್ಟು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಆ ಬಸ್ಸು ನಡುವೆ ಪಾವಗಡದಲ್ಲಿ ಒಮ್ಮೆ ಕರ್ನಾಟಕವನ್ನು ಮಾತನಾಡಿಸಿ ಮತ್ತೆ ಆಂಧ್ರಕ್ಕೆ ಮರಳುತ್ತದೆ. ನಮ್ಮ ಮಾತಿನ ಹಾಗೆಯೇ. ಕಂಬದೂರಿನಲ್ಲಿ ಹತ್ತಿದ ಒಬ್ಬ ಮುದುಕ ನನ್ನ ಮಡಿಲಿನ ಪಂಚಾಂಗ ನೋಡಿ, ಕುರಿ ಮಾರಲು ಈ ದಿನ ಒಳ್ಳೆಯದೇ ಎಂದು ಕೇಳಿದ. ‘ಮಾರುವವನಿಗೆ ಸಾಧಾರಣ’ ಎಂದು ಹೇಳಹೊರಟವನು, ಒಳ್ಳೆಯದಲ್ಲ ಎಂದೆ. ಅವನು ಮುಂದಿನ ನಿಲ್ದಾಣದಲ್ಲಿ ಇಳಿದುಹೋದ. ಸ್ಪಷ್ಟವಾಗಿ ಮಾತನಾಡುವುದರ ಪರಿಣಾಮವನ್ನು ನಾನು ಅಷ್ಟು ಬೇಗ ಕಂಡದ್ದು ಅದೇ ಮೊದಲು.

ಸಂಘದ ಪಡಸಾಲೆಯಲ್ಲಿ ಮೂವತ್ತು ನಲವತ್ತು ಹಿರಿಯರು ಸೇರಿದ್ದರು. ಎದುರಿಗೆ ಭಾವಚಿತ್ರ, ತಟ್ಟೆಯಲ್ಲಿ ಸೇವಂತಿಗೆಯ ಹಾರ. ಹನುಮಂತರಾಯಪ್ಪ ಒಳಗಿರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ, ಒಗೆದ ಬಿಳಿಯ ಪಂಚೆ ಉಟ್ಟು, ಮಗಳ ಪಕ್ಕದಲ್ಲಿ ಕುಳಿತಿದ್ದರು. ತೆಳ್ಳಗಿನ, ಎತ್ತರದ ಮನುಷ್ಯ. ಇಪ್ಪತ್ತೆಂಟು ವರ್ಷ ನಾನು ತರಗತಿಯಲ್ಲಿ ವರ್ಣಿಸಿದ ದಪ್ಪ ಹೊಟ್ಟೆಯವನು ಅವರಾಗಿರಲಿಲ್ಲ. ಹೊಟ್ಟೆಯನ್ನು ನಾನೇ ಸೇರಿಸಿದ್ದೆ.

ಅಧ್ಯಕ್ಷರ ಅಪ್ಪಣೆ ಪಡೆದು ಎದ್ದು ನಿಂತೆ. ಸಭೆಯಲ್ಲಿ ಮಾತನಾಡುವಾಗ ಮೊದಲು ಪ್ರಾರ್ಥನೆ, ಆಮೇಲೆ ಪೀಠಿಕೆ, ಆಮೇಲೆ ವಿಷಯ ಎಂಬುದು ನನ್ನ ಕ್ರಮ. ಅಂದು ಪ್ರಾರ್ಥನೆಯಾದ ಮೇಲೆ ಪೀಠಿಕೆಯನ್ನು ಬಿಟ್ಟೆ.

“ಆ ದಿನದ ಹಾಳೆ ಬರ್ದವನು ನಾನು. ತಂತಿಯಲ್ಲಿ ಸತ್ತರು ಅಂತ ಬಂದಿತ್ತು. ನಾನು ಸತ್ತರು ಅಂತ ಬರೀಲಿಲ್ಲ. ಚಿರವಿಶ್ರಾಂತಿ ಅಂತ ಬರ್ದೆ. ಹನುಮಂತರಾಯಪ್ಪನೋರು ಅದನ್ನ ಇದ್ದ ಹಾಗೇ ಓದಿದರು.”

ಹಾಳೆಯನ್ನು ಎತ್ತಿ ಹಿಡಿದು, ಹೊಡೆದುಹಾಕಿದ ಮಾತನ್ನೂ ಬರೆದ ಮಾತನ್ನೂ ಓದಿದೆ. ಹಾಳೆ ಕೈಯಿಂದ ಕೈಗೆ ಹೋಯಿತು. ಕನ್ನಡ ಬಾರದವರು ಗೆರೆಗಳನ್ನು ನೋಡಿದರು.

ಅಧ್ಯಕ್ಷ ರಾಮಾಂಜಿನಪ್ಪನವರು ಕನ್ನಡಕ ಸರಿಮಾಡಿಕೊಂಡು, “ಓದಿದ್ದು ಸರಿಯಾಗಿ ತಿಳೀದಿದ್ರೆ ಯಾರನ್ನಾದ್ರೂ ಕೇಳ್ಬೇಕಾಗಿತ್ತು ಪಂತುಲುಗಾರೂ. ಓದೋಕೆ ಬಾರದೋನು ಬೆಂಚು ಹತ್ತಿದ್ದ್ಯಾಕೆ?” ಎಂದರು.

“ಅವರಿಗೆ ಓದೋಕೆ ಬರ್ತಿತ್ತು ಸ್ವಾಮಿ. ನನಗೆ ಬರೆಯೋಕೆ ಬರ್ತಿರಲಿಲ್ಲ.”

ಹಿಂದಿನ ಸಾಲಿನಿಂದ ಯಾರೋ ಕೆಮ್ಮಿದರು. ಒಬ್ಬ ಮುದುಕರು, “ಲೇ ರಾಮಾಂಜೀ, ನೀನೂ ತಿಂದಿದ್ದಲ್ಲೋ ಬೂಂದಿ, ಆವತ್ತು?” ಎಂದರು.

ರಾಮಾಂಜಿನಪ್ಪನವರು ಕನ್ನಡಕ ತೆಗೆದು ಮೇಜಿನ ಕಡೆ ನೋಡುತ್ತ ಹೇಳಿದರು. “ತಿಂದಿದ್ದೆ ಕಣಯ್ಯಾ. ಎರಡು ಸಾರಿ ಕೈಯೊಡ್ಡಿದ್ದೆ. ಮನೆಗೆ ಹೋದ್ರೆ ನಮ್ಮಮ್ಮ ರೇಡಿಯೋ ಮುಂದೆ ಅಳ್ತಾ ಕುಂತಿದ್ಲು. ‘ಬಾಯಾಗೇನ್ಲಾ ಅದು?’ ಅಂದ್ಲು. ಆ ಮಾತು ಇವತ್ತಿಗೂ ಹೋಗಿಲ್ಲ ನಂಗೆ.”

ಅಂದು ಬಾಣಲೆ ಮಗುಚಿದವರಲ್ಲಿ ಕೆಲವರಾದರೂ ಅಲ್ಲಿ ಇದ್ದಿರಬೇಕು. ಎಲ್ಲರೂ ತಮ್ಮ ತಮ್ಮ ಬಾಯಿಯ ಸಿಹಿಯನ್ನು ಇಷ್ಟು ವರ್ಷ ಒಬ್ಬನ ಹೆಗಲಿಗೆ ಹೊರಿಸಿದ್ದರು. ನಾನು ಅದನ್ನು ಪಠ್ಯಕ್ಕೆ ಸೇರಿಸಿದ್ದೆ.

“ಸರೇ,” ಎಂದು ರಾಮಾಂಜಿನಪ್ಪನವರು ಎದ್ದರು. ತಟ್ಟೆಯನ್ನು ತಾವೇ ಎತ್ತಿಕೊಂಡು ಬಾಗಿಲಿಗೆ ಹೋಗಿ, “ಹನುಮಂತರಾಯಪ್ಪಾ, ಒಳಗೆ ಬಾರಣ್ಣ” ಎಂದರು. ಊರಿನಲ್ಲಿ ಅವರನ್ನು ಬರಿಯ ಹೆಸರಿನಿಂದ ಕರೆದು ಎಷ್ಟು ವರ್ಷವಾಗಿತ್ತೋ. ಲಕ್ಷ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮುದುಕರು ಗೋಡೆ ಹಿಡಿದು ಬಂದು, ಹಾರವನ್ನು ಎರಡೂ ಕೈಯಲ್ಲಿ ಎತ್ತಿ ಪಟಕ್ಕೆ ಹಾಕಿದರು. ಅದು ಸ್ವಲ್ಪ ಓರೆಯಾಯಿತು. ಯಾರೂ ಸರಿಮಾಡಲಿಲ್ಲ.

ಎಲ್ಲರೂ ಹೋದ ಮೇಲೆ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ನಾನು ಕೈಮುಗಿದು, ತಪ್ಪಾಯಿತು ಎಂದೆ. ತರಗತಿಯ ಕತೆಯನ್ನೂ ಹೇಳಿದೆ, ಹೊಟ್ಟೆಯ ವಿಷಯವನ್ನೂ ಬಿಡದೆ. ಏಳನೆಯ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತೊಡೆಯ ಮೇಲೆ ಹರವಿ, ಹೊಡೆದುಹಾಕಿದ ಸಾಲಿನ ಮೇಲೆ ಬೆರಳಾಡಿಸಿದರು.

“ಇದನ್ನೇ ಬರ್ದಿದ್ರೆ ನಂಗೆ ಈ ಪಾಡು ಇರ್ತಿರ್ಲಿಲ್ಲ ಸಾಮಿ. ನಿಜ.”

ಅವರು ಹಾಳೆಯನ್ನು ನಿಧಾನವಾಗಿ ಮಡಿಸಿದರು.

“ಆದ್ರೆ ಒಂದು ಯೋಚನೆ ಮಾಡ್ತಿರ್ತೀನಿ. ಆವತ್ತು ಮಧ್ಯಾಹ್ನದ ಮೇಲೆ ಎಲ್ಲೂ ಅವರಿಲ್ಲ. ದೆಹಲಿನಾಗಿಲ್ಲ, ನಿಮ್ ಹಿಂದೂಪುರದಾಗಿಲ್ಲ. ನಮ್ ಬಸ್‌ಸ್ಟ್ಯಾಂಡ್ನಾಗೆ ಮಾತ್ರ ಎರಡು ಗಂಟೆ ಹೊತ್ತು ಜಾಸ್ತಿ ಬದುಕಿದ್ರು. ಜನ ಎಂಗೆ ಕುಣಿದ್ರು ಗೊತ್ತಾ ಸಾಮಿ? ನಾನು ಕಣ್ಣಾರೆ ನೋಡಿದೀನಿ.”

ನಾನು ಹತ್ತಬೇಕಾದ ಹಿಂದೂಪುರದ ಬಸ್ಸು ಬಂದು, ಎದುರಿಗೆ ನಿಂತು, ಎರಡು ಸಲ ಹಾರ್ನ್ ಮಾಡಿತು. ಇಬ್ಬರೂ ಅದನ್ನು ನೋಡುತ್ತ ಕುಳಿತೆವು. ಅದು ಹೊರಟುಹೋಯಿತು.